ಗುಡ್ಡ ಹತ್ತುವ ಜೀಪುಗಳು ಮತ್ತು ನಮ್ಮ ಅರ್ಜಿಗಳು: ನನ್ನ ಅನುಭವ

ನಮ್ಮೂರಿನ ನೆತ್ತಿಯ ಮೇಲೆ ಒಂದು ಹುಲ್ಲುಗುಡ್ಡ ಇದೆ. ಪಶ್ಚಿಮ ಘಟ್ಟದ ಅಂಚು. ಗುಡ್ಡದ ಸಂದಿಯಲ್ಲಿ ಶೋಲಾ ಕಾಡು (ಹುಲ್ಲುಗಾವಲಿನ ನಡುವಿನ ದಟ್ಟ ಕಾಡು), ಅಲ್ಲಿಂದ ಇಳಿಯುವ ಒಂದು ಹಳ್ಳ. ಬೇಸಿಗೆಯಲ್ಲೂ ನಮ್ಮ ಮನೆಗಳಿಗೆ ನೀರು ಅದರಿಂದಲೇ. ದನ ಹೊಡೆದುಕೊಂಡು ಹೋಗುತ್ತಿದ್ದ ಕಾಲುದಾರಿಯಲ್ಲಿ ಪ್ರವಾಸಿಗರ ಜೀಪು ಹತ್ತತೊಡಗಿದವು. ಎರಡೇ ಮಳೆಗಾಲಕ್ಕೆ ಚಕ್ರದ ಜಾಡು ಮೊಣಕಾಲು ಮುಳುಗುವ ಕೊರಕಲಾಯಿತು. ಮಣ್ಣು ಹಳ್ಳಕ್ಕೆ ಇಳಿಯಿತು, ಪೈಪಿನಲ್ಲಿ ಕೆಂಪು ನೀರು ಬಂತು.

‘ವಾಹನ ನಿಷೇಧಿಸಿದೆ’ ಎಂಬ ಬೋರ್ಡು ಗುಡ್ಡದ ಬುಡದಲ್ಲೇ ಇತ್ತು. ಫೋನ್ ಮಾಡಿದರೆ ಅರಣ್ಯ ಇಲಾಖೆಯ ಗಾರ್ಡ್ ಬಂದು, “ಇದು ರೆವಿನ್ಯೂ ಜಾಗ ಸಾರ್, ನಮ್ಮದಲ್ಲ” ಎಂದರು. ತಾಲ್ಲೂಕು ಕಚೇರಿಯಲ್ಲಿ, “ಅದು ಫಾರೆಸ್ಟಿಗೆ ಸೇರಿದ್ದು” ಎಂದರು. ಹೀಗೇ ಒಂದು ವರ್ಷ ಹೋಯಿತು.

ಪರಿಚಯದ ವಕೀಲರೊಬ್ಬರು ಹೇಳಿದ ಮಾತು ನಮ್ಮ ದಾರಿ ಬದಲಿಸಿತು: “ಮೊದಲು ಜಾಗ ಯಾರದ್ದು ಅಂತ ಕಾಗದದಲ್ಲಿ ತನ್ನಿ. ಕಾನೂನು ಆಮೇಲೆ.”

ಪಹಣಿ, ಸರ್ವೆ ನಕ್ಷೆ ತೆಗೆಸಿದೆವು. ಜೀಪಿನ ದಾರಿ ಎರಡು ಸರ್ವೆ ನಂಬರಿನಲ್ಲಿ ಹೋಗುತ್ತಿತ್ತು. ಕೆಳಗಿನದು ಗೋಮಾಳ, ಅಂದರೆ ದನ ಮೇಯಲು ಬಿಟ್ಟ ರೆವಿನ್ಯೂ ಜಾಗ. ಮೇಲಿನದಕ್ಕೆ ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 17ರ ಅಧಿಸೂಚನೆ ಆಗಿತ್ತು, ಅಂದರೆ ಪಕ್ಕಾ ಮೀಸಲು ಅರಣ್ಯ. ಸೆಕ್ಷನ್ 4 ಮಾತ್ರ ಆಗಿದ್ದರೆ ಅದು ಇನ್ನೂ ಪ್ರಸ್ತಾವದ ಹಂತ. ಈ ವ್ಯತ್ಯಾಸ ಗೊತ್ತಿರಲೇಬೇಕು. ಮೀಸಲು ಅರಣ್ಯಕ್ಕೆ ಅಕ್ರಮವಾಗಿ ನುಗ್ಗುವುದು ಸೆಕ್ಷನ್ 24ರ ಪ್ರಕಾರ ಅಪರಾಧ. ಆಮೇಲೆ ‘ನಮ್ಮದಲ್ಲ’ ಎನ್ನುವ ಮಾತಿಗೆ ಜಾಗವೇ ಉಳಿಯಲಿಲ್ಲ.

ಆಮೇಲೆ ಬಾಯಿಮಾತಿನ ದೂರು ಬಿಟ್ಟೆವು. ರೇಂಜರ್, ಡಿಸಿಎಫ್ (ಉಪ ಅರಣ್ಯ ಸಂರಕ್ಷಣಾಧಿಕಾರಿ), ತಹಶೀಲ್ದಾರ್ ಮೂವರಿಗೂ ಒಂದೇ ಅರ್ಜಿ. ಸರ್ವೆ ನಂಬರ್, ಸೆಕ್ಷನ್, ದಿನಾಂಕ ಸಹಿತ ಫೋಟೋ, ಕೊನೆಗೆ ‘ಕ್ರಮ ಕೈಗೊಂಡು ಹಿಂಬರಹ (ಲಿಖಿತ ಉತ್ತರ) ಕೊಡಿ’ ಎಂಬ ಸಾಲು. ಕಚೇರಿಯ ಟಪಾಲು ವಿಭಾಗದಲ್ಲಿ ನಮ್ಮ ಪ್ರತಿಗೆ ಸೀಲು ಹಾಕಿಸಿಕೊಂಡೆವು.

ಒಂದು ತಿಂಗಳು ಕಾದರೂ ಉತ್ತರ ಬರಲಿಲ್ಲ. ಅರಣ್ಯ ಇಲಾಖೆಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ 150 ಪದ ಮೀರಬಾರದು, ಒಂದು ಅರ್ಜಿಯಲ್ಲಿ ಒಂದೇ ವಿಷಯ. ಮೊದಲ ಸಲ ನಾನು ‘ಯಾಕೆ ಕ್ರಮ ಕೈಗೊಂಡಿಲ್ಲ?’ ಎಂದು ಕೇಳಿ ಎಡವಿದೆ. ಅದು ಮಾಹಿತಿಯಲ್ಲ, ಪ್ರಶ್ನೆ ಎಂದು ವಾಪಸ್ ಬಂತು. ಎರಡನೇ ಸಲ ದಾಖಲೆ ಕೇಳಿದೆ: ಇಂಥ ದಿನಾಂಕದ ನನ್ನ ಅರ್ಜಿಯ ಮೇಲಿನ ಟಿಪ್ಪಣಿಯ ಪ್ರತಿ, ಈ ಸರ್ವೆ ನಂಬರಿನಲ್ಲಿ ಎರಡು ವರ್ಷಗಳಲ್ಲಿ ದಾಖಲಾದ ಅರಣ್ಯ ಮೊಕದ್ದಮೆಗಳ ಪಟ್ಟಿ. ಉತ್ತರ ‘ಶೂನ್ಯ’ ಎಂದು ಬಂತು. ಓದಿ ಬೇಜಾರಾಯಿತು. ವಕೀಲರಿಗೆ ಮಾತ್ರ ಖುಷಿಯಾಯಿತು. ಗೊತ್ತಿದ್ದೂ ಕೆಲಸ ಮಾಡಿಲ್ಲ ಎನ್ನುವುದಕ್ಕೆ ಇಲಾಖೆಯೇ ಸಹಿ ಮಾಡಿದ ಕಾಗದ ಅದು.

ಮುಂದಿನ ದಾರಿಗಳನ್ನು ಅವರ ಜೊತೆ ಕೂತು ತೂಗಿ ನೋಡಿದೆವು. ಪರಿಸರದ ವ್ಯಾಜ್ಯ ನೋಡುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ಆ ಮಂಡಳಿಯ ಕಾಯ್ದೆಯ ಸೆಕ್ಷನ್ 14ರ ಅರ್ಜಿಗೆ 6 ತಿಂಗಳ ಗಡುವು, ಅದೂ ಸಮಸ್ಯೆ ಮೊದಲು ಶುರುವಾದಾಗಿನಿಂದ ಲೆಕ್ಕ. ಆ ಕಾಲವನ್ನೆಲ್ಲ ನಾವು ಫೋನ್ ಮಾಡುತ್ತಾ ಕಳೆದಿದ್ದೆವು. ಹಾಳಾದ ನೆಲ ಸರಿಪಡಿಸಿ ಎಂದು ಕೇಳಲು ಸೆಕ್ಷನ್ 15ರಲ್ಲಿ 5 ವರ್ಷ ಇದೆ. ಇನ್ನೊಂದು ವಿಷಯ: ಈ ಮಂಡಳಿ ವಿಚಾರಿಸಬಹುದಾದ ಕಾಯ್ದೆಗಳ ಪಟ್ಟಿಯಲ್ಲಿ ವನ್ಯಜೀವಿ ಕಾಯ್ದೆ ಇಲ್ಲ. ನಿಮ್ಮ ಗುಡ್ಡ ಅಭಯಾರಣ್ಯದೊಳಗೆ ಇದ್ದರೆ ಆ ಕಾಯ್ದೆಯ ಸೆಕ್ಷನ್ 55 ನೋಡಿ. ಸರ್ಕಾರಕ್ಕೆ 60 ದಿನಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ನೇರವಾಗಿ ನ್ಯಾಯಾಲಯಕ್ಕೆ ದೂರು ಕೊಡಬಹುದು.

ನಮಗೆ ಹೊಂದಿದ್ದು ಹೈಕೋರ್ಟಿನ ದಾರಿ. ಸಂವಿಧಾನದ 226ನೇ ವಿಧಿಯಡಿ ‘ನಿಮ್ಮ ಕರ್ತವ್ಯ ಮಾಡಿ’ ಎಂದು ಅಧಿಕಾರಿಗೆ ಆದೇಶ ಕೊಡಿಸುವ ರಿಟ್, ಮ್ಯಾಂಡಮಸ್. ಅಲ್ಲಿ ಮೊದಲು ಕೇಳುವುದೇ, ‘ಅಧಿಕಾರಿಗೆ ಅರ್ಜಿ ಕೊಟ್ಟಿದ್ದೀರಾ?’ ಎಂದು. ಸೀಲು ಹಾಕಿಸಿದ ಪ್ರತಿಗೆ ಬೆಲೆ ಬರುವುದು ಆಗ.

ರಿಟ್‌ಗೆ ಮೊದಲು ವಕೀಲರ ನೋಟಿಸ್ ಕಳಿಸಿದೆವು, ಆ ‘ಶೂನ್ಯ’ದ ಪ್ರತಿ ಲಗತ್ತಿಸಿ. ಮೂರು ವಾರದಲ್ಲಿ ಅರಣ್ಯದ ಗಡಿಯಲ್ಲಿ ಟ್ರೆಂಚ್ ತೋಡಿದರು. ಮೊಕದ್ದಮೆಗಳೂ ದಾಖಲಾದವು. ಬಿಳಿ ಬೋರ್ಡಿನ, ಅಂದರೆ ಸ್ವಂತ ಬಳಕೆಯ ಜೀಪಿನಲ್ಲಿ ಬಾಡಿಗೆಗೆ ಜನ ಕೂರಿಸುವುದರ ಬಗ್ಗೆ ಆರ್‌ಟಿಒಗೂ ಬರೆದಿದ್ದೆವು. ಮೋಟಾರು ವಾಹನ ಕಾಯ್ದೆಗೆ ಜಾಗ ಯಾರದ್ದಾದರೂ ಒಂದೇ, ಅಲ್ವಾ?

ಆದರೆ ಆ ಅರ್ಜಿಯಲ್ಲಿ ಯಾರ ಗಾಡಿ ನಂಬರನ್ನೂ ನಾನು ಬರೆಯಲಿಲ್ಲ. ಜೀಪು ಓಡಿಸುವವರು ನಮ್ಮೂರ ಹುಡುಗರೇ. ಅವರ ಮನೆಗೂ ಅದೇ ಹಳ್ಳದ ನೀರು. ಡಾಂಬರು ರಸ್ತೆ ಮುಗಿಯುವಲ್ಲಿಗೆ ಜನರನ್ನು ಬಿಟ್ಟು, ಅಲ್ಲಿಂದ ನಡೆಸಿಕೊಂಡು ಹೋಗಿ ಎಂದು ಅವರ ಜೊತೆ ಮಾತಾಡುತ್ತಿದ್ದೇವೆ. ಇಬ್ಬರು ಒಪ್ಪಿದ್ದಾರೆ.

ಗೋಮಾಳದ ಭಾಗ ಇನ್ನೂ ಹಾಗೇ ಇದೆ. ತಾಲ್ಲೂಕು ಕಚೇರಿಯಿಂದ ಹಿಂಬರಹ ಬಂದಿಲ್ಲ. ಅಲ್ಲಿಗೆ ಹಾಕಿದ ಮಾಹಿತಿ ಹಕ್ಕಿನ ಪ್ರಥಮ ಮೇಲ್ಮನವಿಯನ್ನು ತೀರ್ಮಾನಿಸಬೇಕಾದ 45 ದಿನ ತುಂಬಿತು. ಎರಡನೇ ಮೇಲ್ಮನವಿಗೆ 90 ದಿನ ಸಮಯ ಇದೆ. ಈ ಸೋಮವಾರವೇ ಕಳಿಸುತ್ತಿದ್ದೇನೆ.