ರಿಯೊದಲ್ಲಿ ಒಂದು ದಿನ: ಬೆಳಗ್ಗೆ ಕೊರ್ಕೊವಾದೊ, ಸಂಜೆ ಪಾಂವ್ ಜಿ ಅಸೂಕರ್

ಬ್ರೆಜಿಲಿನ ರಿಯೊ ಡಿ ಜನೈರೊವನ್ನು ಒಂದೇ ದಿನದಲ್ಲಿ ನೋಡಬೇಕೆಂದಿರುವವರು ಮೊದಲು ತಲೆಯೆತ್ತಿ ಮೋಡ ನೋಡಬೇಕು, ಆಮೇಲೆ ಟಿಕೆಟ್. ಅರವತ್ತು ದಾಟಿದ ಅಪ್ಪ ಅಮ್ಮ, ಜೊತೆಗೆ ಮಕ್ಕಳು ಇದ್ದರೂ ಎರಡು ಬೆಟ್ಟ ಮತ್ತು ಹಳೆಯ ಪೇಟೆಯನ್ನು ಸುಸ್ತಾಗದೆ ಮುಗಿಸಬಹುದು. ನಾವು ಮಾಡಿದ ಕ್ರಮ ಇಷ್ಟು: ಬೆಳಗ್ಗೆ ಕ್ರಿಸ್ತನ ಮೂರ್ತಿಯಿರುವ ಕೊರ್ಕೊವಾದೊ ಬೆಟ್ಟ, ಮಧ್ಯಾಹ್ನ ಪೇಟೆ, ಸಂಜೆ ಕೇಬಲ್ ಕಾರಿನಲ್ಲಿ ಪಾಂವ್ ಜಿ ಅಸೂಕರ್, ಅಂದರೆ ಇಂಗ್ಲಿಷಿನಲ್ಲಿ ಶುಗರ್‌ಲೋಫ್ ಎನ್ನುವ ಬೆಟ್ಟ.

ಈ ಕ್ರಮಕ್ಕೆ ಕಾರಣ ಸೂರ್ಯ. ಮೂರ್ತಿ ಪೂರ್ವಕ್ಕೆ ಮುಖ ಮಾಡಿ ನಿಂತಿದೆ. ಬೆಳಗಿನ ಬಿಸಿಲು ನೇರವಾಗಿ ಮುಖಕ್ಕೇ ಬೀಳುತ್ತದೆ. ಮಧ್ಯಾಹ್ನ ಕಳೆದ ಮೇಲೆ ಹೋದರೆ ಸೂರ್ಯ ಮೂರ್ತಿಯ ಬೆನ್ನಿಗಿರುತ್ತಾನೆ, ಫೋಟೊದಲ್ಲಿ ಕಪ್ಪು ಆಕಾರ ಮಾತ್ರ ಉಳಿಯುತ್ತದೆ. ಪಾಂವ್ ಜಿ ಅಸೂಕರ್ ಕೊಲ್ಲಿಯ ಬಾಯಲ್ಲಿ, ಊರಿನ ಪೂರ್ವದ ತುದಿಯಲ್ಲಿದೆ. ಅಲ್ಲಿಂದ ಸಂಜೆಯ ಸೂರ್ಯ ಪಶ್ಚಿಮದ ಬೆಟ್ಟಸಾಲಿನ ಹಿಂದೆ ಇಳಿಯುವುದು ಎದುರಿಗೇ ಕಾಣುತ್ತದೆ.

ಇನ್ನೊಂದು ಕಾರಣ ಎತ್ತರ. ಕೊರ್ಕೊವಾದೊ 710 ಮೀಟರ್, ಪಾಂವ್ ಜಿ ಅಸೂಕರ್ 396 ಮೀಟರ್. ಸಮುದ್ರದ ತೇವದ ಗಾಳಿ ಬೆಟ್ಟ ಹತ್ತುತ್ತಾ ತಣ್ಣಗಾಗಿ ಮೇಲಿನ ತುದಿಗೆ ಮೋಡ ಕಟ್ಟುತ್ತದೆ. ಕೆಳಗೆ ಬಿಸಿಲಿದ್ದರೂ ಮೂರ್ತಿ ಮೋಡದೊಳಗೆ ಮುಚ್ಚಿಹೋಗಿರಬಹುದು, ಅದೇ ಹೊತ್ತಿಗೆ ಚಿಕ್ಕ ಬೆಟ್ಟ ತೆರೆದಿರಬಹುದು. ಆದ್ದರಿಂದ ಬೆಳಗ್ಗೆ ಆರೂವರೆಗೆ ರಸ್ತೆಗೋ ಬೀಚಿಗೋ ಬಂದು ನೋಡಿ. ಮೂರ್ತಿ ಕಾಣದಿದ್ದರೆ ಹತ್ತಬೇಡಿ, ಕ್ರಮವನ್ನು ತಿರುಗಿಸಿ ಕೇಬಲ್ ಕಾರ್ ಮೊದಲು ಮಾಡಿ. ಕೊರ್ಕೊವಾದೊ ಹತ್ತುವ ರೈಲಿನ ಟಿಕೆಟ್ಟಿಗೆ ನಿಗದಿತ ಸಮಯ ಇರುತ್ತದೆ, ವಾರದ ಮುಂಚೆಯೇ ಕೊಂಡರೆ ಕೈ ಕಟ್ಟಿದಂತಾಗುತ್ತದೆ. ಜೂನ್‌ನಿಂದ ಆಗಸ್ಟ್ ಅಲ್ಲಿ ಚಳಿಗಾಲ, ಮಳೆ ಕಡಿಮೆ, ಮೊದಲೇ ಕೊಂಡರೂ ಅಪಾಯ ಕಡಿಮೆ. ಡಿಸೆಂಬರ್‌ನಿಂದ ಮಾರ್ಚ್ ಬೇಸಿಗೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವ ಕಾಲ. ಆಗ ಹಿಂದಿನ ಸಂಜೆ ಹವಾಮಾನ ನೋಡಿ ಕೊಳ್ಳುವುದೇ ಸರಿ. ಆನ್‌ಲೈನಿನಲ್ಲಿ ಕೊಳ್ಳುವಾಗ ಕೆಲವು ಕಡೆ ಸಿಪಿಎಫ್ ಎಂಬ ಬ್ರೆಜಿಲಿನ ತೆರಿಗೆ ಸಂಖ್ಯೆ ಕೇಳುತ್ತಾರೆ. ವಿದೇಶಿ ಅಥವಾ ಪಾಸ್‌ಪೋರ್ಟ್ ಎಂಬ ಆಯ್ಕೆ ಪುಟದಲ್ಲಿ ಎಲ್ಲಾದರೂ ಇರುತ್ತದೆ, ಹುಡುಕಿ.

ಕೊರ್ಕೊವಾದೊ ರೈಲು ಕೊಸ್ಮೆ ವೆಲ್ಯೊ ಎಂಬ ಬಡಾವಣೆಯಿಂದ ಹೊರಡುತ್ತದೆ. ನಮ್ಮ ಊಟಿ ರೈಲಿನ ಹಾಗೆ ಹಳಿಗಳ ನಡುವೆ ಹಲ್ಲುಪಟ್ಟಿ ಇರುವ ದಾರಿ. 1884ರಲ್ಲಿ ಚಕ್ರವರ್ತಿ ಎರಡನೆಯ ಪೆದ್ರು ಉದ್ಘಾಟಿಸಿದ್ದು, ಅಂದರೆ ಮೂರ್ತಿಗಿಂತ ಸುಮಾರು ಅರ್ಧ ಶತಮಾನ ಹಳೆಯದು. ಹತ್ತಲು ಸುಮಾರು ಇಪ್ಪತ್ತು ನಿಮಿಷ. ಹೋಗುವಾಗ ಬಲಗಡೆಯ ಸೀಟು ಹಿಡಿಯಿರಿ, ಊರು ತೆರೆದುಕೊಳ್ಳುವುದು ಆ ಕಡೆಗೆ. ದಿನದ ಮೊದಲ ಗಾಡಿಗಳಲ್ಲೊಂದಕ್ಕೆ ಹೋದರೆ ಮೇಲೆ ನಿಲ್ಲಲು ಜಾಗ ಇರುತ್ತದೆ, ಹತ್ತೂವರೆಯ ಹೊತ್ತಿಗೆ ಭುಜಕ್ಕೆ ಭುಜ ತಾಗುತ್ತದೆ. ರೈಲು ಸಿಗದಿದ್ದರೆ ಲಾರ್ಗೊ ದೊ ಮಶಾದೊ ಮೆಟ್ರೊ ನಿಲ್ದಾಣದ ಬಳಿಯ ಚೌಕದಿಂದ ಅಧಿಕೃತ ವ್ಯಾನುಗಳಿವೆ. ರಸ್ತೆಯಲ್ಲಿ ಕೈಬೀಸಿ ಕರೆಯುವವರ ಬಳಿ ಕೊಳ್ಳಬೇಡಿ.

ರೈಲು ಹೋಗುವ ಕಾಡಿನ ಬಗ್ಗೆ ಮಕ್ಕಳಿಗೆ ಹೇಳಲೇಬೇಕಾದ ಸಂಗತಿ ಇದೆ. ತಿಜುಕಾ ಕಾಡಿನ ಬಹುಪಾಲು ಮನುಷ್ಯರು ನೆಟ್ಟು ಬೆಳೆಸಿದ್ದು. ಚಿಕ್ಕಮಗಳೂರು, ಕೊಡಗಿನಲ್ಲಿ ಕಾಫಿಯನ್ನು ಮರದ ನೆರಳಲ್ಲಿ ಬೆಳೆಯುತ್ತೇವೆ. ತಿಜುಕಾದಲ್ಲಿ ಕಾಡನ್ನು ಕಡಿದು ಕಾಫಿಯನ್ನು ಬಯಲಲ್ಲಿ ಬೆಳೆದರು. ತೊರೆಗಳು ಬತ್ತಿ ಊರಿಗೆ ನೀರಿಲ್ಲದಾಯಿತು. 1861ರಿಂದ ಸರ್ಕಾರವೇ ಮತ್ತೆ ಸಸಿ ನೆಡಿಸಿತು. ಆ ಹಸಿರಿನಲ್ಲಿ ಹಲಸಿನ ಮರಗಳೂ ಕಾಣುತ್ತವೆ. ಪೋರ್ಚುಗೀಸರು ನಮ್ಮ ಕರಾವಳಿಯ ಕಡೆಯಿಂದ ಒಯ್ದದ್ದು. ಅಲ್ಲಿ ಅದರ ಹೆಸರು ‘ಜಾಕಾ’. ಬದಲಿಗೆ ಗೇರುಬೀಜ ಮತ್ತು ಪರಂಗಿ ಹಣ್ಣು ಆ ಕಡೆಯಿಂದ ನಮಗೆ ಬಂದವು.

ರೈಲು ಇಳಿದ ಮೇಲೆ ಮೂರ್ತಿಯ ಬುಡಕ್ಕೆ ಇನ್ನೂ 220ರಷ್ಟು ಮೆಟ್ಟಿಲು ಬಾಕಿ. ಮಂಡಿ ನೋವಿನವರು ಹೆದರಬೇಕಿಲ್ಲ, 2003ರಿಂದ ಲಿಫ್ಟ್ ಮತ್ತು ಎಸ್ಕಲೇಟರ್ ಇವೆ. ಮೂರ್ತಿ 30 ಮೀಟರ್, ಪೀಠ 8 ಮೀಟರ್. 1931ರಲ್ಲಿ ಮುಗಿಯಿತು. ಒಳಗೆ ಕಾಂಕ್ರೀಟ್, ಹೊರಗೆ ಬಳಪದ ಕಲ್ಲಿನ ಸಣ್ಣ ಸಣ್ಣ ತ್ರಿಕೋನ ಬಿಲ್ಲೆಗಳನ್ನು ಅಂಟಿಸಿದ್ದಾರೆ. ಬೇಲೂರು ಹಳೇಬೀಡಿನ ಶಿಲ್ಪಿಗಳು ನೆಚ್ಚಿದ ಜಾತಿಯದೇ ಕಲ್ಲು ಅದು. ಉಳಿಗೆ ಬಗ್ಗುತ್ತದೆ, ಮಳೆ ಬಿಸಿಲಿಗೆ ಬಾಳುತ್ತದೆ. ಬುಡದಲ್ಲಿ ನಿಂತು ಫೋಟೊ ತೆಗೆದರೆ ಕೈಗಳು ಹಿಡಿಸುವುದಿಲ್ಲ. ಎದುರಿನ ಮೆಟ್ಟಿಲುಗಳಲ್ಲಿ ಸ್ವಲ್ಪ ಕೆಳಗಿಳಿದು, ಫೋನಿನ ಅಗಲದ ಲೆನ್ಸ್ ಇಟ್ಟು, ಕೆಳಗಿನಿಂದ ಮೇಲಕ್ಕೆ ತೆಗೆಯಿರಿ. ಮೇಲೆ ಮುಕ್ಕಾಲು ಗಂಟೆ ಸಾಕು. ಉದ್ದ ಬಾಲದ ಕ್ವಾಚಿ ಎಂಬ ಪ್ರಾಣಿಗಳು ಚೀಲದ ಜಿಪ್ ತೆಗೆಯುವಷ್ಟು ಜಾಣ, ಬಿಸ್ಕತ್ತು ಹೊರಗೆ ಕಾಣಿಸಬೇಡಿ.

ಸಾಲುಗಳ ವಿಷಯದಲ್ಲಿ ಒಂದು ದೊಡ್ಡ ಅನುಕೂಲ ಇದೆ. ಬ್ರೆಜಿಲಿನಲ್ಲಿ 60 ದಾಟಿದವರು, ಗರ್ಭಿಣಿಯರು, ಅಂಗವಿಕಲರು ಮತ್ತು ಕೈಗೂಸು ಎತ್ತಿಕೊಂಡವರಿಗೆ ಕಾನೂನಿನ ಪ್ರಕಾರ ಆದ್ಯತೆ. ‘ಪ್ರೆಫೆರೆಂಸಿಯಲ್’ ಎಂದು ಬರೆದ ಸಾಲು ಹುಡುಕಿ, ಅಪ್ಪ ಅಮ್ಮನ ಪಾಸ್‌ಪೋರ್ಟಿನ ಪ್ರತಿ ಕೈಯಲ್ಲಿರಲಿ. ಸಂಕೋಚ ಬೇಡ, ಅಲ್ಲಿನವರೇ ಹಿರಿಯರನ್ನು ಕಂಡರೆ ಆ ಸಾಲು ತೋರಿಸುತ್ತಾರೆ.

ಇಳಿದ ಮೇಲೆ ಕೊಸ್ಮೆ ವೆಲ್ಯೊದಿಂದ ಟ್ಯಾಕ್ಸಿಯಲ್ಲಿ ಲಾರ್ಗೊ ದೊ ಮಶಾದೊ, ಅಲ್ಲಿಂದ ಮೆಟ್ರೊದಲ್ಲಿ ಹಳೆಯ ಪೇಟೆಯ ಕಾರಿಯೊಕಾ ನಿಲ್ದಾಣ. ಊಬರ್ ಮತ್ತು ‘99’ ಎರಡೂ ಆ್ಯಪ್ ಓಡುತ್ತವೆ, ಕಾರುಗಳು ಸಣ್ಣವು, ಐದು ಜನರಿದ್ದರೆ ಎರಡು ಕಾರು ಬೇಕು. ಮೆಟ್ರೊ ಗೇಟಿನಲ್ಲಿ ಕಾರ್ಡ್ ತಾಗಿಸಿದರೆ ಸಾಕು, ಆದರೆ ಭಾರತದ ಕಾರ್ಡಿನಲ್ಲಿ ವಿದೇಶಿ ಬಳಕೆ ಮತ್ತು ತಾಗಿಸುವ ಪಾವತಿ ಎರಡನ್ನೂ ಬ್ಯಾಂಕಿನ ಆ್ಯಪ್‌ನಲ್ಲಿ ಮೊದಲೇ ಆನ್ ಮಾಡಿರಬೇಕು. ಅಂಗಡಿಯ ಯಂತ್ರ ರೂಪಾಯಿಯೋ ಬ್ರೆಜಿಲಿನ ಹಣವಾದ ರಿಯಾಲೋ ಎಂದು ಕೇಳಿದರೆ ರಿಯಾಲ್ ಒತ್ತಿ. ರೂಪಾಯಿ ಒತ್ತಿದರೆ ಪರಿವರ್ತನೆಯ ದರ ಅವರದ್ದಾಗುತ್ತದೆ. ಕೆಲಸದ ದಿನ ಬೆಳಗ್ಗೆ 6ರಿಂದ 9, ಸಂಜೆ 5ರಿಂದ 8ರವರೆಗೆ ಮೆಟ್ರೊದ ಗುಲಾಬಿ ಪಟ್ಟಿಯ ಬೋಗಿ ಹೆಂಗಸರಿಗೆ ಮಾತ್ರ. ಗಂಡಸರು ಬೇರೆ ಬೋಗಿ ಹತ್ತುವುದಾದರೆ ಇಳಿಯುವ ನಿಲ್ದಾಣದ ಹೆಸರನ್ನು ಎಲ್ಲರೂ ಬಾಯಿಪಾಠ ಮಾಡಿಕೊಳ್ಳಿ.

ಊಟಕ್ಕೆ ಹನ್ನೆರಡಕ್ಕೇ ಕೂತುಬಿಡಿ, ಹನ್ನೆರಡೂವರೆಗೆ ಕಚೇರಿಗಳ ಜನ ಬರುತ್ತಾರೆ. ಸಸ್ಯಾಹಾರಿಗಳಿಗೆ ‘ಆ ಕಿಲೊ’ ಹೋಟೆಲುಗಳು ವರ. ತಟ್ಟೆ ತೆಗೆದುಕೊಂಡು ಬೇಕಾದ್ದನ್ನು ಬಡಿಸಿಕೊಳ್ಳುವುದು, ತಕ್ಕಡಿಯ ಮೇಲಿಡುವುದು, ತೂಕಕ್ಕೆ ದುಡ್ಡು. ಪದಾರ್ಥ ಕಣ್ಣಿಗೆ ಕಾಣುವುದರಿಂದ ಭಾಷೆ ಬೇಕಿಲ್ಲ. ಅನ್ನ, ಸೊಪ್ಪು, ಕರಿದ ಮರಗೆಣಸು, ಮೊಟ್ಟೆ, ಹಣ್ಣು ಸಿಗುತ್ತವೆ. ಕಲ್ಲಂಗಡಿಯನ್ನು ತಟ್ಟೆ ತುಂಬ ಹಾಕಿಕೊಂಡರೆ ನೀರಿಗೂ ಊಟದ ಬೆಲೆ ಬೀಳುತ್ತದೆ. ಎಚ್ಚರ ಬೇಕಾದ್ದು ಮೂರು ಕಡೆ: ಕಪ್ಪು ಹುರುಳಿಯಂತೆ ಕಾಣುವ ಕಾಳಿನ ಸಾರು, ಹುರಿದ ಮರಗೆಣಸಿನ ಹಿಟ್ಟು ‘ಫರೋಫಾ’, ಮತ್ತು ಹೆಚ್ಚಿದ ‘ಕೌವಿ’ ಸೊಪ್ಪು. ಮೂರಕ್ಕೂ ಹಂದಿಮಾಂಸದ ಚೂರು ಹಾಕುವ ರೂಢಿ ಇದೆ. ‘ಸೇಂ ಕಾರ್ನೆ’, ಅಂದರೆ ಮಾಂಸ ಬೇಡ, ಎಂದರೆ ಸಾಲದು, ಬಹಳ ಜನರಿಗೆ ಕಾರ್ನೆ ಎಂದರೆ ದನದ ಮಾಂಸ ಮಾತ್ರ. ಕೋಳಿಗೆ ಫ್ರಾಂಗೊ, ಮೀನಿಗೆ ಪೇಶಿ, ಹಂದಿಗೆ ಪ್ರೆಸುಂತೊ, ಬೇಕನ್ ಎಂದು ಒಂದೊಂದನ್ನೂ ಹೆಸರಿಸಿ ಬೇಡವೆನ್ನಿ. ಬೀದಿಯಲ್ಲಿ ಎಲ್ಲೆಲ್ಲೂ ಸಿಗುವ ಪಾಂವ್ ಜಿ ಕೇಜು ಮರಗೆಣಸಿನ ಪಿಷ್ಟ ಮತ್ತು ಚೀಸಿನ ಉಂಡೆ, ಬಿಸಿಯಿದ್ದಾಗ ತುಂಬ ರುಚಿ. ಅದರಲ್ಲಿ ಮೊಟ್ಟೆ ಇರುತ್ತದೆ ಎಂದು ಅಮ್ಮಂದಿರಿಗೆ ಮೊದಲೇ ಹೇಳಿ. ನಮ್ಮ ಪಾವ್ ಭಾಜಿಯ ಪಾವ್ ಇದೇ ಪಾಂವ್.

ಮನೆಯಿಂದ ರೈಸ್ ಕುಕ್ಕರ್ ಒಯ್ಯುವ ಯೋಚನೆ ಇದ್ದರೆ ಬಿಡಿ. ರಿಯೊದ ಕರೆಂಟು 127 ವೋಲ್ಟ್. 230 ವೋಲ್ಟಿನ ಕುಕ್ಕರ್ ಅಲ್ಲಿ ಮೂರರಲ್ಲೊಂದು ಪಾಲು ಶಾಖವನ್ನೂ ಕೊಡುವುದಿಲ್ಲ, ಅನ್ನ ಮುದ್ದೆಯಾಗುತ್ತದೆ. ಫೋನಿನ ಎರಡು ಸಣ್ಣ ಕಡ್ಡಿಯ ಚಾರ್ಜರ್ ಮಾತ್ರ ಗೋಡೆಗೆ ಕೂರುತ್ತದೆ, ಕೆಲಸವನ್ನೂ ಮಾಡುತ್ತದೆ. ಚಟ್ನಿಪುಡಿ ಒಯ್ಯಿರಿ, ಅಲ್ಲಿನ ಊಟ ಖಾರವಿಲ್ಲದ್ದು. ನೀರು ಕೊಳ್ಳುವಾಗ ‘ಸೇಂ ಗಾಸ್’ ಎನ್ನಿ, ಇಲ್ಲದಿದ್ದರೆ ಸೋಡಾ ಬರಬಹುದು.

ಪೇಟೆಯಲ್ಲಿ ಎರಡು ಗಂಟೆ ಇಟ್ಟುಕೊಂಡೆವು. 1887ರ ಪೋರ್ಚುಗೀಸ್ ಗ್ರಂಥಾಲಯ ಹಿಯಾಲ್ ಗಬಿನೆತೆಯಲ್ಲಿ ಕೆತ್ತನೆಯ ಮರದ ಕಪಾಟುಗಳು ಚಾವಣಿಯವರೆಗೆ ಏರಿವೆ, ಪ್ರವೇಶ ಉಚಿತ. 1894ರ ಕೊಂಫೆಯಿತರಿಯಾ ಕೊಲೊಂಬೊದಲ್ಲಿ ಆಳೆತ್ತರದ ಕನ್ನಡಿಗಳ ನಡುವೆ ಕಾಫಿ. ಲಾಪಾ ಬಡಾವಣೆಯ ಸೆಲರೊನ್ ಮೆಟ್ಟಿಲುಗಳು 215. ಚಿಲಿಯಿಂದ ಬಂದ ಕಲಾವಿದರೊಬ್ಬರು 1990ರಿಂದ ಸಾಯುವವರೆಗೂ ಟೈಲ್ಸ್ ಅಂಟಿಸುತ್ತಲೇ ಹೋದ ಜಾಗ. ಕೆಳಗಿನ ಮೂವತ್ತು ನಲವತ್ತು ಮೆಟ್ಟಿಲಲ್ಲೇ ಚೆಲುವೆಲ್ಲ ಸಿಗುತ್ತದೆ, ಹಿರಿಯರನ್ನು ಮೇಲೆ ಹತ್ತಿಸಬೇಕಿಲ್ಲ. ಇವೆಲ್ಲ ವಾರದ ದಿನಕ್ಕೆ ಮಾತ್ರ. ಭಾನುವಾರ ಪೇಟೆ ಬಿಕೋ ಎನ್ನುತ್ತದೆ, ಖಾಲಿ ಬೀದಿ ಕ್ಷೇಮವಲ್ಲ. ಭಾನುವಾರವೇ ಸಿಕ್ಕಿದರೆ ಪೇಟೆ ಬಿಟ್ಟು ಕೋಪಕಬಾನಾಕ್ಕೆ ಹೋಗಿ, ಅಂದು ಕಡಲ ಪಕ್ಕದ ರಸ್ತೆಯನ್ನು ವಾಹನಗಳಿಗೆ ಮುಚ್ಚಿ ನಡೆಯುವವರಿಗೆ ಬಿಡುತ್ತಾರೆ.

ಒಡವೆಯ ಮಾತು ಹೇಳಲೇಬೇಕು. ಮಾಂಗಲ್ಯದ ಸರವನ್ನು ಹೋಟೆಲಿನ ಲಾಕರಿನಲ್ಲಿಟ್ಟು, ಅರಿಶಿನದ ದಾರ ಕಟ್ಟಿಕೊಂಡು ಹೊರಡುವುದು ಉತ್ತಮ. ಕತ್ತಿನ ಚಿನ್ನ ಮತ್ತು ರಸ್ತೆಯಂಚಿನಲ್ಲಿ ಕೈಯಲ್ಲಿ ಹಿಡಿದ ಫೋನ್, ಕಿತ್ತುಕೊಂಡು ಓಡುವವರ ಕಣ್ಣು ಈ ಎರಡರ ಮೇಲೆ. ಕಾರು ಕರೆಯುವುದನ್ನು ಅಂಗಡಿಯೊಳಗೆ ನಿಂತು ಮಾಡಿ.

ಸೂರ್ಯ ಮುಳುಗುವ ಎರಡು ಗಂಟೆ ಮುಂಚೆ ಪ್ರಾಯ ವೆರ್ಮೇಲ್ಯ ಬೀಚಿನ ಕೇಬಲ್ ಕಾರ್ ನಿಲ್ದಾಣದಲ್ಲಿರಬೇಕು. ಜೂನ್‌ನಲ್ಲಿ ಸೂರ್ಯಾಸ್ತ ಸುಮಾರು 5:15ಕ್ಕೆ, ಡಿಸೆಂಬರ್ ಕೊನೆಗೆ 6:40ರ ಆಸುಪಾಸು. 1912ರಲ್ಲಿ ಶುರುವಾದ ಈ ದಾರಿ ಎರಡು ಹಂತದ್ದು. ಮೊದಲು 220 ಮೀಟರಿನ ಉರ್ಕಾ ಬೆಟ್ಟ, ಅಲ್ಲಿ ಇಳಿದು ನಡೆದು ಎರಡನೆಯ ಕಾರ್. ಒಂದೊಂದು ಹಂತಕ್ಕೆ ಮೂರು ನಿಮಿಷದಷ್ಟು. ಉರ್ಕಾದಲ್ಲಿ ಶೌಚಾಲಯ, ತಿಂಡಿ, ನೆರಳು ಎಲ್ಲ ಇದೆ, ಮಕ್ಕಳನ್ನು ಅಲ್ಲೇ ಸುಧಾರಿಸಿಕೊಳ್ಳಲು ಬಿಡಿ. ಶೌಚಾಲಯದಲ್ಲಿ ನೀರಿನ ಪೈಪ್ ಇರುವುದಿಲ್ಲ, ಸಣ್ಣ ಬಾಟಲಿ ಜೊತೆಗಿರಲಿ. ಕಾಗದವನ್ನು ಬುಟ್ಟಿಗೇ ಹಾಕಬೇಕು. ಮಿಂಚು ಅಥವಾ ಜೋರು ಗಾಳಿ ಬಂದರೆ ಕಾರು ನಿಲ್ಲಿಸುತ್ತಾರೆ, ಅದಕ್ಕೇ ಬೇಸಿಗೆಯಲ್ಲಿ ಕಡಲ ಮೇಲೆ ಕಪ್ಪು ಮೋಡ ಕಂಡರೆ ಎರಡನೆಯ ಹಂತ ಹತ್ತಬೇಡಿ. ತುದಿಯಲ್ಲಿ ಗಾಳಿ ತಣ್ಣಗೆ ಬೀಸುತ್ತದೆ, ಅಜ್ಜ ಅಜ್ಜಿಗೆ ಶಾಲು ಬೇಕು.

ಸೂರ್ಯ ಮುಳುಗಿದ ಕೂಡಲೇ ಎಲ್ಲರೂ ಕೆಳಗಿಳಿಯಲು ನುಗ್ಗುತ್ತಾರೆ. ಒಂದು ಕಾರಿನಲ್ಲಿ 65 ಜನ ಮಾತ್ರ ಹಿಡಿಸುವುದರಿಂದ ಸಾಲು ಉದ್ದವಾಗುತ್ತದೆ. ನಾವು ಅರ್ಧ ಗಂಟೆ ಅಲ್ಲೇ ಬೆಂಚಿನ ಮೇಲೆ ಕೂತೆವು. ಬೊತಾಫೊಗೊ ಕೊಲ್ಲಿಯ ಸುತ್ತ ದೀಪಗಳು ಹತ್ತಿದವು. ದೂರದ ಕೊರ್ಕೊವಾದೊ ಮೇಲೆ ಬೆಳಗ್ಗೆ ಬುಡದಲ್ಲಿ ನಿಂತು ನೋಡಿದ ಮೂರ್ತಿ ಬೆಳ್ಳಗೆ ಬೆರಳಷ್ಟಾಗಿ ಕಂಡಿತು. ಆಮೇಲೆ ಇಳಿದರೆ ಸಾಲು ಕರಗಿರುತ್ತದೆ. ಕಾರು ಕರೆಯಲು ಫೋನಿನಲ್ಲಿ ಇಪ್ಪತ್ತು ಶೇಕಡಾ ಚಾರ್ಜ್ ಉಳಿಸಿಕೊಂಡಿರಿ, ನಿಲ್ದಾಣದ ಒಳಗಿನಿಂದಲೇ ಕರೆಯಿರಿ.