ಸೇಡಂ ರಸ್ತೆಯ ಖಡಿ, ನನ್ನ ಕಾರಿನ ಕಾಚ್

ಮಳಖೇಡದ ಹತ್ತಿರ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಗಣಿತ ಕಲಿಸುತ್ತೇನೆ. ಮನೆ ಕಲಬುರಗಿಯಲ್ಲಿ. ದಿನಾ ಸೇಡಂ ರಸ್ತೆ ಹಿಡಿದೇ ಹೋಗಿ ಬರಬೇಕು. ಆ ರಸ್ತೆ ಗೊತ್ತಿದ್ದವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಸಿಮೆಂಟ್ ಲಾರಿ, ಫರ್ಸಿ ತುಂಬಿದ ಟ್ರ್ಯಾಕ್ಟರ್, ಖಡಿ, ಅಂದರೆ ಜಲ್ಲಿ ಕಲ್ಲು, ಹೊತ್ತ ಟಿಪ್ಪರ್. ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಮುಂದಿದ್ದ ಟಿಪ್ಪರಿನಿಂದ ಒಂದು ಖಡಿ ಸಿಡಿದು ಟಕ್ಕಂತ ನನ್ನ ಕಾರಿನ ಮುಂದಿನ ಗಾಜಿಗೆ ಬಡಿಯಿತು. ಇಳಿದು ನೋಡಿದರೆ ತೊಗರಿ ಬೇಳೆಯಷ್ಟು ಗುರುತು. ಇಷ್ಟೇ ಅಲ್ವಾ ಅಂತ ಸುಮ್ಮನಾದೆ.

ಸುಮ್ಮನಾಗಬಾರದಿತ್ತು. ಅಷ್ಟು ಸಣ್ಣ ಗುರುತಿದ್ದಾಗಲೇ ರೆಸಿನ್ ಅನ್ನುವ ಪಾರದರ್ಶಕ ಅಂಟು ತುಂಬಿಸಿದರೆ ಅದು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಆದರೆ ಗುರುತು ಗಾಜಿನ ಅಂಚಿಗೆ ಹತ್ತಿರ ಇರಬಾರದು, ಓಡಿಸುವವರ ಕಣ್ಣಿಗೆ ನೇರ ಇರಬಾರದು, ಒಳಗೆ ಧೂಳು ನೀರು ಸೇರಿರಬಾರದು. ಅವತ್ತೇ ಒಂದು ಚೂರು ಸೆಲ್ಲೋ ಟೇಪ್ ಅಂಟಿಸಿದ್ದರೆ ಧೂಳು ನೀರು ಸೇರುವುದಾದರೂ ತಪ್ಪುತ್ತಿತ್ತು. ನಾನು ಅದನ್ನೂ ಮಾಡಲಿಲ್ಲ. ಏಪ್ರಿಲ್‌ನಲ್ಲಿ ಒಂದು ಮಧ್ಯಾಹ್ನ, ಶಾಲೆಯ ಬಯಲಿನಲ್ಲಿ ಕಾದು ಕೆಂಡವಾಗಿದ್ದ ಕಾರಿಗೆ ಹತ್ತಿ ಏಸಿ ಪೂರ್ತಿ ತಿರುಗಿಸಿದೆ. ಹೊರಗೆ ಬೆಂಕಿ, ಒಳಗೆ ತಣ್ಣನೆ ಗಾಳಿ. ಕಣ್ಣೆದುರಿಗೇ ಆ ಬೇಳೆ ಗುರುತಿನಿಂದ ಒಂದು ಗೆರೆ ಹೊರಟಿತು. ಶಹಾಬಾದ್ ದಾರಿ ತಿರುವು ದಾಟುವಷ್ಟರಲ್ಲಿ ಎಡಗಡೆ ಅಂಚು ಮುಟ್ಟಿತ್ತು. ಬಿರುಕು ಅಂಚು ಮುಟ್ಟಿದ ಮೇಲೆ ರೆಸಿನ್ ಮಾತಿಲ್ಲ. ಗಾಜು ಬದಲಿಸಲೇಬೇಕು.

ಮೊದಲು ಇನ್ಶೂರೆನ್ಸ್ ಕಾಗದ ತೆಗೆದು ಕೂತೆ. ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಗಾಜಿಗೆ ಏನೂ ಸಿಗುವುದಿಲ್ಲ. ನನ್ನದು ಪೂರ್ತಿ ಪಾಲಿಸಿ. ಬೇರೆ ಬಿಡಿ ಭಾಗಗಳಿಗೆ ಕಾರಿನ ವಯಸ್ಸು ನೋಡಿ ಸವಕಳಿ ಹಿಡಿಯುತ್ತಾರೆ, ಗಾಜಿಗೆ ಹಿಡಿಯುವುದಿಲ್ಲ. ಇದು ಒಳ್ಳೆಯ ಸುದ್ದಿ. 1500 ಸಿಸಿ ಒಳಗಿನ ಕಾರಿಗೆ ಮೊದಲ 1,000 ರೂಪಾಯಿ ನಾವೇ ಕೊಡಬೇಕು. ಅದೂ ಪರವಾಗಿಲ್ಲ. ಸಿಕ್ಕಿಕೊಳ್ಳುವುದು ನೋ ಕ್ಲೇಮ್ ಬೋನಸ್‌ನಲ್ಲಿ, ಅಂದರೆ ಕ್ಲೇಮ್ ಮಾಡದೆ ವರ್ಷ ಕಳೆದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿಯಲ್ಲಿ. ನನ್ನದು ಶೇಕಡಾ 35ಕ್ಕೆ ಬಂದಿತ್ತು, ಮುಂದಿನ ಸಲ 45 ಆಗಬೇಕು, ಆಮೇಲೆ 50, ಅಲ್ಲಿಗೆ ನಿಲ್ಲುತ್ತದೆ. ಕ್ಲೇಮ್ ಮಾಡಿದರೆ ಸೊನ್ನೆಯಿಂದ ಮತ್ತೆ 20, 25, 35, 45 ಅಂತ ಏರಬೇಕು. ಅಂದರೆ ಐದು ವರ್ಷದಲ್ಲಿ ಕಳೆದುಕೊಳ್ಳುವುದು 45, 30, 25, 15, 5. ಕೂಡಿದರೆ 120. ಈ ರಿಯಾಯಿತಿ ಸಿಗುವುದು ಓನ್ ಡ್ಯಾಮೇಜ್ ಪ್ರೀಮಿಯಂ ಮೇಲೆ, ಅಂದರೆ ನಮ್ಮ ಕಾರಿನ ಹಾನಿಗೆ ಕಟ್ಟುವ ಭಾಗದ ಮೇಲೆ. ನನ್ನದು ರಿಯಾಯಿತಿ ಕಳೆಯುವ ಮೊದಲು ಸುಮಾರು 6,000 ರೂಪಾಯಿ. ಅದರ ಶೇಕಡಾ 120 ಅಂದರೆ 7,200. ಗಾಜಿಗೆ ನಾನು ಅಂದಾಜು ಮಾಡಿದ್ದ ಖರ್ಚು 6,500, ಅದರಲ್ಲಿ ಸಾವಿರ ಕಳೆದರೆ ಕೈಗೆ ಬರುವುದು 5,500. ಕಾರು ಹಳೇದಾದ ಹಾಗೆ ಪ್ರೀಮಿಯಂ ಇಳಿಯುವುದರಿಂದ ಈ 7,200 ಸ್ವಲ್ಪ ಕಡಿಮೆಯಾಗಬಹುದು, ಆದರೂ ಕ್ಲೇಮ್ ನನಗೆ ಲಾಭ ಅನಿಸಲಿಲ್ಲ. ಕೆಲವು ಪಾಲಿಸಿಗಳಲ್ಲಿ ಬೋನಸ್ ಉಳಿಸುವ ಆಡ್ ಆನ್ ಇರುತ್ತದೆ. ಅದಿದ್ದರೆ ಲೆಕ್ಕ ಉಲ್ಟಾ. ದೊಡ್ಡ ಕಾರು, ಕ್ಯಾಮೆರಾ ಇರುವ ಗಾಜು ಅಂದರೂ ಉಲ್ಟಾ. ಅಂಥ ಗಾಜಿಗೆ ಹತ್ತಾರು ಸಾವಿರ ಬೀಳಬಹುದು, ಕೂಡಿಸಿದ ಮೇಲೆ ಕ್ಯಾಮೆರಾ ಮತ್ತೆ ಹೊಂದಿಸಬೇಕು. ನನ್ನದು ಹಳೇ ವ್ಯಾಗನ್ ಆರ್, ಅದೂ ಸೆಕೆಂಡ್ ಹ್ಯಾಂಡ್. ಅಂಥ ಉಸಾಬರಿ ಇಲ್ಲ.

ಗಾಜು ನೋಡುವುದು ಕಷ್ಟವಲ್ಲ. ಕೆಳಗಿನ ಮೂಲೆಯಲ್ಲಿ ಅಚ್ಚು ಇರುತ್ತದೆ. ಐಎಸ್‌ಐ ಗುರುತು, ಜೊತೆಗೆ ಐಎಸ್ 2553 ಅನ್ನುವ ಮಾನದಂಡದ ಸಂಖ್ಯೆ, ತಯಾರಿಸಿದ ಕಂಪನಿ ಹೆಸರು, ಲ್ಯಾಮಿನೇಟೆಡ್ ಅನ್ನುವ ಮಾತು. ಮುಂದಿನ ಗಾಜು ಲ್ಯಾಮಿನೇಟೆಡ್ಡೇ ಆಗಿರಬೇಕು. ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ, ಒಡೆದರೂ ಅದಕ್ಕೇ ಅಂಟಿಕೊಂಡು ನಿಲ್ಲುತ್ತದೆ. ಬಾಗಿಲಿನ ಗಾಜು ಬೇರೆ ಜಾತಿ, ಅದು ಒಡೆದರೆ ಕಲ್ಲುಸಕ್ಕರೆ ಥರ ಉದುರುತ್ತದೆ. ನಮ್ಮ ಕಡೆ ಜಾಸ್ತಿ ಸಿಗುವುದು ಎಐಎಸ್, ಇಲ್ಲವೇ ಸೇಂಟ್ ಗೋಬೇನ್ ಕಂಪನಿಯ ಗಾಜು. ಕಂಪನಿಯಿಂದ ಬರುವ ಕಾರುಗಳಿಗೂ ಇವರ ಗಾಜು ಹೋಗುತ್ತದೆ. ಒಂದು ಅಂಗಡಿಯಲ್ಲಿ ಅಚ್ಚೇ ಇಲ್ಲದ ಗಾಜು ತೋರಿಸಿದರು. ಮೇಲೊಂದು ಸ್ಟಿಕ್ಕರ್ ಮಾತ್ರ. ಅದನ್ನು ನಿಲ್ಲಿಸಿ ಹಿಡಿಸಿ, ಅದರೊಳಗಿಂದ ದೂರದ ಲೈಟ್ ಕಂಬ ನೋಡುತ್ತಾ ತಲೆಯನ್ನು ಆಚೆ ಈಚೆ ಆಡಿಸಿದೆ. ಅಂಚಿನ ಹತ್ತಿರ ಕಂಬ ನೀರಿನಲ್ಲಿ ಕಂಡ ಹಾಗೆ ಬಳುಕಿತು. ದಿನಾ ಎಂಬತ್ತು ಕಿಲೋಮೀಟರ್ ಓಡಿಸುವವಳಿಗೆ ಅದು ತಲೆನೋವು.

ಗಾಜಿನ ವಿಷಯ ಅಲ್ಲಿಗೆ ಮುಗಿಯಿತು. ಅದನ್ನು ಕೂಡಿಸುವವರು ಯಾರು ಅನ್ನುವುದಕ್ಕೆ ನಾಲ್ಕು ದಿನ ಹಿಡಿಯಿತು.

ಹುಮನಾಬಾದ್ ರಿಂಗ್ ರೋಡಿನಿಂದ ಹಿಡಿದು ಮೂರು ಕಡೆ ವಿಚಾರಿಸಿದೆ. ಮೊದಲನೆಯವರು ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ ಇಣುಕಿ, "ಸರ್ ಬಂದಿಲ್ಲೇನ್ರಿ?" ಅಂದರು. ಇಲ್ಲ, ಗಾಡಿ ನಂದೇ ಅಂದೆ. "ಅರ್ಧಾ ತಾಸಿನ ಕೆಲಸ ಅದರಿ. ಇಲ್ಲೇ ಚಾ ಕುಡೀರಿ, ಗಾಡಿ ತೊಗೊಂಡ್ ಹೋಗ್ರಿ. 4,800." ಯಾವ ಗಮ್ ಹಾಕ್ತೀರಿ ಅಂತ ಕೇಳಿದೆ. ಟ್ಯೂಬ್ ತೋರಿಸಿದರು. ಸಿಲಿಕಾನ್. ಬಾತ್‌ರೂಮ್ ಸಿಂಕಿನ ಸಂದಿಗೆ ಹಾಕುತ್ತಾರಲ್ಲ, ಅದೇ. ಕಾರಿನ ಗಾಜಿಗೆ ಬೇಕಾದದ್ದು ಪಾಲಿಯುರೇಥೇನ್, ಮೆಕ್ಯಾನಿಕ್‌ಗಳ ಬಾಯಲ್ಲಿ ಪಿಯು. ಗಾಜು ಬರೀ ಗಾಳಿ ಮಳೆ ತಡೆಯಲಿಕ್ಕಲ್ಲ. ಪಕ್ಕದ ಸೀಟಿನ ಏರ್‌ಬ್ಯಾಗ್ ಉಬ್ಬುವಾಗ ಆ ಗಾಜಿಗೇ ಒತ್ತಿಕೊಂಡು ಹಿಂದಕ್ಕೆ ತಿರುಗುತ್ತದೆ. ಗಾಜು ಸಡಿಲ ಇದ್ದರೆ ಬ್ಯಾಗು ಹೊರಗೆ, ಕೂತವರು ಮುಂದಕ್ಕೆ. ಆ ಸೀಟಿನಲ್ಲಿ ನನ್ನ ಅವ್ವ ಕೂಡುತ್ತಾಳೆ.

ಎರಡನೆಯವರು ಮನೆಗೇ ಬಂದು ಹಾಕಿಕೊಡುತ್ತೇವೆ ಅಂದರು. ಗಮ್ ಸರಿಯಾದದ್ದೇ. ಆದರೆ ನಮ್ಮ ಓಣಿಯಲ್ಲಿ ನೆರಳಿಲ್ಲ, ಏಪ್ರಿಲ್ ಗಾಳಿಗೆ ಧೂಳು ಹೇಗೆ ಏಳುತ್ತದೆ ಅಂತ ಗೊತ್ತಲ್ಲ. ಅಂಟಿನ ಮೇಲೆ ಧೂಳು ಕೂತರೆ ಮುಗಿಯಿತು.

ಮೂರನೆಯ ಕಡೆ ಒಬ್ಬ ಚಾಚಾ. ಮಾತು ಕಡಿಮೆ. ಪಿಯು ಟ್ಯೂಬ್ ಕೇಳಿದೆ, ತೆಗೆದು ಕೈಗೇ ಕೊಟ್ಟರು. ಎಕ್ಸ್‌ಪೈರಿ ತಾರೀಖು ನೋಡಿದೆ, ಇನ್ನೂ ಐದು ತಿಂಗಳಿತ್ತು. ಗಮ್ ಗಟ್ಟಿಯಾಗಿ ಹಿಡಿಯಲು ಮೊದಲು ಹಚ್ಚುವ ಪ್ರೈಮರ್ ಇದೆಯಾ ಅಂದೆ, ಸಣ್ಣ ಕಪ್ಪು ಶೀಶೆ ಮುಂದಿಟ್ಟರು. ಯಾವಾಗ ಓಡಿಸಬಹುದು ಅಂತ ಕೇಳಿದ್ದಕ್ಕೆ, "ಗಮ್ ಮೇಲೆ ಬರದಾರ ನೋಡ್ರಿ. ಆದ್ರ ನಾ ಅಂತೂ ಇವತ್ತು ಗಾಡಿ ಕೊಡಲ್ಲ. ನಾಳಿ ಬರ್ರಿ" ಅಂದರು. 6,500. ಅಲ್ಲೇ ಒಪ್ಪಿಕೊಂಡೆ. ಬಿಸಿಲೇರುವ ಮೊದಲೇ ಶುರು ಮಾಡಬೇಕು, ಕಾದ ಗಾಜಿನ ಮೇಲೆ ಗಮ್ ಬೇಗ ಕೆನೆಗಟ್ಟುತ್ತದೆ ಅಂತ ಭಾನುವಾರ ಏಳಕ್ಕೆ ಬರಲು ಹೇಳಿದರು.

ಡ್ಯಾಶ್‌ಬೋರ್ಡಿಗೆ ಹಳೇ ಚಾದರ್ ಹೊದಿಸಿದರು. ಹುಡುಗ ಒಳಗೆ ಕೂತ, ಚಾಚಾ ಹೊರಗೆ. ತೆಳ್ಳನೆ ತಂತಿಯನ್ನು ಅಂಟಿನೊಳಗೆ ತೂರಿಸಿ ಇಬ್ಬರೂ ಗರಗಸ ಎಳೆದ ಹಾಗೆ ಎಳೆದರು. ಮೇಲಿನ ಭಾಗ ಬಿಟ್ಟುಬಂತು. ಕೆಳಗೆ ಬಂದಾಗ ಚಾಚಾ ನಿಲ್ಲಿಸಿ, "ಮೇಡಂ, ಇಲ್ಲಿ ಬರ್ರಿ" ಅಂತ ಕರೆದರು. ಕಪ್ಪು ಅಂಟಿನ ನಡುವೆ ಒಂದು ಗೇಣು ಉದ್ದ ಬಿಳಿ ರಬ್ಬರಿನಂಥದ್ದು. ಉಗುರಿನಿಂದ ಎಳೆದರೆ ನೂಡಲ್ಸ್ ಹಾಗೆ ಎದ್ದುಬಂತು. ಸಿಲಿಕಾನ್! ಅದರ ಕೆಳಗೆ ತಗಡು ತುಕ್ಕು ಹಿಡಿದು ಚಕ್ಕೆ ಏಳುತ್ತಿತ್ತು. ಹಿಂದಿನ ಮಾಲಕರ ಕಾಲದಲ್ಲೇ ಯಾರೋ ಗಾಜು ತೆಗೆದು ಹಾಕಿದ್ದಾರೆ.

ಹೋದ ಮಳೆಗಾಲ ಪೂರ್ತಿ ಎಡಗಡೆ ಮ್ಯಾಟ್ ಹಸಿಯಾಗಿ ನಾರುತ್ತಿತ್ತು. ಏಸಿ ನೀರು ಅಂದುಕೊಂಡು ಎರಡು ಸಲ ಪೈಪ್ ಕ್ಲೀನ್ ಮಾಡಿಸಿದ್ದೆ. ಆ ದುಡ್ಡು ದಂಡ.

ಚಾಚಾ ಹಳೇ ಪಿಯುವನ್ನು ಪೂರ್ತಿ ಕೆರೆಯಲಿಲ್ಲ. ಗಟ್ಟಿ ಇದ್ದ ಕಡೆ ಒಂದು ತೆಳ್ಳನೆ ಪದರ ಬಿಟ್ಟು ಮೇಲಿನದಷ್ಟೇ ಕೊಯ್ದರು. ಹೊಸ ಪಿಯು ಹಳೇ ಪಿಯುಗೆ ಚೆನ್ನಾಗಿ ಹಿಡಿಯುತ್ತದಂತೆ. ಆದರೆ ಸಿಲಿಕಾನ್ ಇದ್ದ ಕಡೆ ಒಂದು ಎಳೆಯನ್ನೂ ಬಿಡಲಿಲ್ಲ, ಅದರ ಮೇಲೆ ಪಿಯು ನಿಲ್ಲುವುದೇ ಇಲ್ಲ. ತುಕ್ಕು ಉಜ್ಜಿ ತಗಡು ಹೊಳೆಯುವವರೆಗೆ ತಂದು, ಬಣ್ಣದ ಪ್ರೈಮರ್ ಹಚ್ಚಿ ಒಣಗಲು ಬಿಟ್ಟರು. ಇದಕ್ಕೇ ಎರಡು ತಾಸು. 700 ರೂಪಾಯಿ ಬೇರೆ. ಕೊಟ್ಟೆ.

ಹೊಸ ಗಾಜಿನ ಸುತ್ತ ಕಪ್ಪು ಪಟ್ಟಿ ಇರುತ್ತದಲ್ಲ, ಅದರ ಮೇಲೆ ಪ್ರೈಮರ್. ಆಮೇಲೆ ಪಿಯು, ಎಲ್ಲೂ ಕಡಿಯದ ಹಾಗೆ ಒಂದೇ ಎಳೆ. ಟ್ಯೂಬಿನ ಬಾಯಿಯನ್ನು ತ್ರಿಕೋನಕ್ಕೆ ಕತ್ತರಿಸಿದ್ದರಿಂದ ಎಳೆ ಗುಡ್ಡದ ಸಾಲಿನ ಹಾಗೆ ಎದ್ದು ನಿಂತಿತ್ತು. ಹೀರುವ ಕಪ್ ಹಿಡಿದು ಇಬ್ಬರೂ ಗಾಜು ಎತ್ತಿ, ಉಸಿರು ಹಿಡಿದು ಕೂಡಿಸಿದರು. ನಾನೂ ಉಸಿರು ಹಿಡಿದಿದ್ದೆ. ಮೇಲೆ ಟೇಪ್ ಪಟ್ಟಿ. ಬಾಗಿಲಿನ ಗಾಜು ಎರಡು ಬೆರಳು ಇಳಿಸಿದರು. ಎಲ್ಲಾ ಮುಚ್ಚಿ ಬಾಗಿಲು ಧಡ್ ಅಂತ ಹಾಕಿದರೆ ಒಳಗಿನ ಗಾಳಿ ಹಸಿ ಗಾಜನ್ನು ಹೊರಗೆ ನೂಕುತ್ತದೆ.

ಮರುದಿನ ನಾನೇ ಪೈಪ್ ಹಿಡಿದು ಮೆಲ್ಲಗೆ ನೀರು ಬಿಟ್ಟೆ, ಹುಡುಗ ಒಳಗೆ ಕೂತು ಬೆರಳಾಡಿಸಿ ನೋಡಿದ. ಒಣ. ಎರಡು ದಿನ ಪ್ರೆಶರ್ ವಾಶ್ ಬೇಡ ಅಂದರು.

ನಾನು ಮರೆತದ್ದು ಫಾಸ್ಟ್ಯಾಗ್. ಅದು ಹಳೇ ಗಾಜಿನ ಜೊತೆ ಹೋಯಿತು. ಕಿತ್ತು ಮತ್ತೆ ಅಂಟಿಸಲು ಬರುವುದಿಲ್ಲ, ಕೀಳುವಾಗ ಹಾಳಾಗುವ ಹಾಗೇ ಮಾಡಿರುತ್ತಾರೆ. ಗಾಜು ಬದಲಿಸಿದ್ದೇನೆ ಅಂತ ಬ್ಯಾಂಕಿಗೆ ಹೇಳಿ ಬೇರೆ ಟ್ಯಾಗ್ ತರಿಸಿದೆ. ಎಚ್‌ಎಸ್‌ಆರ್‌ಪಿ ನಂಬರ್ ಪ್ಲೇಟ್ ಜೊತೆ ಬರುವ, ಗಾಜಿಗೆ ಅಂಟಿಸುವ ಮೂರನೇ ಸ್ಟಿಕ್ಕರ್ ಕೂಡ ಹಾಗೇ. ಗಾಜು ತೆಗೆಯುವ ಮೊದಲು ಅದರ ಮೇಲೆ ಏನೇನು ಅಂಟಿದೆ ಅಂತ ಒಂದು ಫೋಟೋ ಹೊಡೆದುಕೊಳ್ಳಿ.

ವೈಪರ್ ಬ್ಲೇಡ್ ಬದಲಿಸಿ ಅಂತ ಚಾಚಾ ಹೇಳಿದ್ದರು. ಅಷ್ಟು ಖರ್ಚಾಗಿದೆ, ಇದೊಂದು ಇರಲಿ ಅಂತ ಬಿಟ್ಟಿದ್ದೆ. ಜೂನ್‌ನಲ್ಲಿ ಮೊದಲ ಮಳೆ ಮಳಖೇಡದಲ್ಲೇ ಸಿಕ್ಕಿತು, ಕಾಗಿಣಾ ಸೇತುವೆ ಹತ್ತಿರ. ವೈಪರ್ ಹಾಕಿದರೆ ಕೊರ್ ಕೊರ್ ಸದ್ದು, ಹೊಸ ಗಾಜಿನ ಮೇಲೆ ಬೀಸಣಿಗೆಯಾಕಾರದ ಮಸುಕು. ಬದಿಗೆ ನಿಲ್ಲಿಸಿ, ಬಗ್ಗಿ ಎಡಗಡೆ ಮ್ಯಾಟ್ ಎತ್ತಿ ಕೈ ಒತ್ತಿದೆ. ಒಣಗಿತ್ತು. ಊರಿಗೆ ಬಂದವಳೇ ಬ್ಲೇಡ್ ತೊಗೊಂಡೆ.