ಬಚ್ಚಲು ನೀರಿಗೆ ಕ್ಯಾನಾ ಮಡಿ ಹಾಕುವುದು ಹೀಗೆ

ಕೋಲಾರದ ಸುತ್ತಮುತ್ತ ಪ್ಲಂಬಿಂಗ್ ನನ್ನ ಕೆಲಸ. ಬೋರ್‌ವೆಲ್‌ಗೆ ಲಕ್ಷಗಟ್ಟಲೆ ಸುರಿಯುವ ಜನ ಬಚ್ಚಲು ನೀರನ್ನು ಸುಮ್ನೆ ಚರಂಡಿಗೆ ಬಿಡುತ್ತಾರೆ. ಜಲ್ಲಿ ತುಂಬಿದ ಗುಂಡಿಯಲ್ಲಿ ಕ್ಯಾನಾ ಅನ್ನೋ ಅಗಲ ಎಲೆಯ ಹೂಗಿಡ ನೆಟ್ಟರೆ, ಅದನ್ನು ಹಿತ್ತಲಲ್ಲೇ ತಿಳಿ ಮಾಡಿ ತೆಂಗಿಗೆ ಹಾಯಿಸಬಹುದು. ಇದನ್ನೇ ಮಡಿ ಅನ್ನುತ್ತಿದ್ದೇನೆ. ಕಕ್ಕಸಿನ ನೀರು ಮಾತ್ರ ಇದಕ್ಕೆ ಸೇರಿಸಬೇಡಿ.

ಸ್ನಾನ, ಬಟ್ಟೆ ಸೇರಿ ದಿನಕ್ಕೆ 200 ಲೀಟರ್ ಬರುವ ಮನೆಗೆ 10 ಅಡಿ ಉದ್ದ, 3 ಅಡಿ ಅಗಲ, 2 ಅಡಿ ಆಳದ ಗುಂಡಿ ಸಾಕು. ಇಷ್ಟಿದ್ದರೆ ನೀರು ಎರಡು ಮೂರು ದಿನ ಒಳಗೆ ನಿಲ್ಲುತ್ತದೆ. ತಳಕ್ಕೆ ಒಂದಿಂಚು ಇಳಿಜಾರು ಕೊಟ್ಟು, ಕೃಷಿ ಹೊಂಡದ ದಪ್ಪ ಪ್ಲಾಸ್ಟಿಕ್ ಶೀಟ್ ಹಾಸಿ. ಎರಡೂ ತುದಿಗೆ 40 ಎಂಎಂ ಜಲ್ಲಿ, ಮಧ್ಯಕ್ಕೆ 20 ಎಂಎಂ. ಜಲ್ಲಿಯನ್ನು ತೊಳೆದೇ ಹಾಕಿ. ಕ್ವಾರಿ ಪುಡಿ ಸಂದಿಗಳಲ್ಲಿ ಕೂತರೆ ನೀರು ಮೇಲೆ ಹರಿಯುತ್ತದೆ.

ಮಡಿಗೆ ಮುಂಚೆ ಮುಚ್ಚಳದ ಡ್ರಮ್ ಇಡಿ. ಕೂದಲು, ಜಿಡ್ಡು ಅಲ್ಲೇ ನಿಲ್ಲಲಿ. ಮಡಿಯಿಂದ ನೀರು ಹೊರಬರುವ ಕಡೆ ಮೇಲ್ಮುಖವಾಗಿ ಒಂದು ಎಲ್ಬೋ (ಮೊಣಕೈಯಂತೆ ಬಾಗಿದ ಪೈಪ್ ತುಂಡು), ಅದಕ್ಕೊಂದು ತುಂಡು ಪೈಪು. ಈ ಎಲ್ಬೋಗೆ ಪೈಪು ಅಂಟಿಸುವ ಸಲ್ಯೂಷನ್ ಹಚ್ಚಬೇಡಿ, ತಿರುಗುವಂತಿರಲಿ. ಬಗ್ಗಿಸಿದರೆ ಮಡಿಯೊಳಗಿನ ನೀರಿನ ಮಟ್ಟ ಇಳಿಯುತ್ತದೆ. ನೀರು ಯಾವಾಗಲೂ ಜಲ್ಲಿಗಿಂತ ಎರಡು ಮೂರು ಇಂಚು ಕೆಳಗಿದ್ದರೆ ಸೊಳ್ಳೆ ಕಾಟ ಇಲ್ಲ.

ಅಡಿಗೊಂದರಂತೆ ಕ್ಯಾನಾ ಗಡ್ಡೆ ನೆಡಿ. ಕೆರೆಯಂಚಿನ ಜೊಂಡೂ ಆಗುತ್ತದೆ, ಆದರೆ ಕಂಡಾಪಟ್ಟೆ ಹಬ್ಬುತ್ತದೆ. ನನಗಂತೂ ಕ್ಯಾನಾನೇ ಇಷ್ಟ.

ಹೂ ನೋಡಿ ಎಲ್ಲರೂ ಗಿಡವನ್ನು ಹೊಗಳುತ್ತಾರೆ. ಜಾಸ್ತಿ ದುಡಿಯುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಎರಡು ಮೂರು ತಿಂಗಳಾದ ಮೇಲೆ ಒಂದು ಜಲ್ಲಿ ಎತ್ತಿ ಬೆರಳಲ್ಲಿ ಉಜ್ಜಿ ನೋಡಿ, ಲೋಳೆ ಅಂಟಿರುತ್ತದೆ. ಸೋಪು, ಎಣ್ಣೆ, ಬೆವರಿನ ಕೊಳೆಯನ್ನು ಒಡೆದು ತಿನ್ನುವುದು ಅದೇ. ಗಿಡ ಬೇರಿನಿಂದ ಸ್ವಲ್ಪ ಆಮ್ಲಜನಕ ಕೊಡುತ್ತದೆ; ಉಳಿದ ಸಾರಜನಕ, ರಂಜಕವನ್ನು ಹೀರಿ ಬೆಳೆಯುತ್ತದೆ. ಅದಕ್ಕೇ ಹೂ ಬಿಟ್ಟು ಮುಗಿದ ಕಾಂಡ ಕತ್ತರಿಸಿ ಹೊರಗೆ ಹಾಕಬೇಕು. ಅಲ್ಲೇ ಕೊಳೆತರೆ ಹೀರಿದ್ದೆಲ್ಲ ವಾಪಸ್ ನೀರಿಗೇ ಅಲ್ವಾ?

ಫಿನಾಯಿಲ್, ಆ್ಯಸಿಡ್, ಬ್ಲೀಚಿಂಗ್ ಪೌಡರ್ ಈ ಪೈಪಿಗೆ ಬಿಡಲೇಬೇಡಿ. ಲೋಳೆ ಸತ್ತರೆ ಉಳಿಯುವುದು ಬರೀ ಜಲ್ಲಿ ಗುಂಡಿ.

ಕೆಜಿಎಫ್ ಕಡೆ ಹೋದಾಗಲೆಲ್ಲ ಒಂದೇ ಪ್ರಶ್ನೆ: ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ಗುಡ್ಡಕ್ಕೂ ಗಿಡ ಹಾಕಿದರೆ ವಿಷ ಹೋಗುತ್ತಾ? ಸೈನೈಡ್ ಅಂದರೆ ಇಂಗಾಲ, ಸಾರಜನಕ ಸೇರಿದ್ದು; ಅದನ್ನು ಒಡೆಯುವ ಬ್ಯಾಕ್ಟೀರಿಯಾ ಇವೆ. ಸೀಸ, ಆರ್ಸೆನಿಕ್ ಹಾಗಲ್ಲ. ಅವು ಮೂಲಧಾತು, ಯಾವ ಜೀವಿಯೂ ಒಡೆಯಲಾರದು. ಸಾಸಿವೆ ಜಾತಿಯ ಗಿಡ ಸೀಸವನ್ನೂ, ಒಂದು ಬಗೆಯ ಜರಿಗಿಡ ಆರ್ಸೆನಿಕ್ಕನ್ನೂ ಹೀರಿ ಒಳಗೇ ಇಟ್ಟುಕೊಳ್ಳುತ್ತವೆ. ಅಂಥ ಗಿಡವನ್ನು ದನಕ್ಕೆ ಹಾಕುವಂತಿಲ್ಲ, ಗೊಬ್ಬರವೂ ಮಾಡುವಂತಿಲ್ಲ. ನಮ್ಮ ಬೋರ್ ನೀರಿನ ಫ್ಲೋರೈಡ್‌ಗೂ ಈ ಮಡಿ ಮದ್ದಲ್ಲ.

ಕೆಲಸ ಆಗ್ತಿದೆಯಾ ಅಂತ ನೋಡಲು ಹೊರಬಂದ ನೀರನ್ನು ಬಾಟಲಿಗೆ ತುಂಬಿ ಮುಚ್ಚಿ, ಎರಡು ದಿನ ಬಿಟ್ಟು ಮೂಸಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಒಳಗೆ ಇನ್ನೂ ಕೊಳೆ ಉಳಿದಿದೆ. ಡ್ರಮ್ ತುಂಬಿದೆಯಾ ಅಂತ ಮೊದಲು ನೋಡಿ. ವಾಸನೆ ಇಲ್ಲದಿದ್ದರೆ ತೆಂಗು, ನುಗ್ಗೆಯ ಬುಡಕ್ಕೆ ಧಾರಾಳವಾಗಿ ಬಿಡಿ. ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಬೇಡ.